ಮೇಲಿಂದ ಬರ್ತದೆ, ಕೆಳಗೆ ಹೋಗ್ತದೆ

ಮೂಡಿಗೆರೆಯ ಬಾಡಿಗೆ ಮಹಡಿಯಲ್ಲಿ ನನ್ನ ಮೊದಲ ಬೆಳಗು ಶುರುವಾದದ್ದು ನಳ ಹುಡುಕುವುದರಿಂದ. ಐದು ಗಂಟೆಗೆ ಎಚ್ಚರವಾದಾಗ ಎಲ್ಲೋ ನೀರು ಸುರಿಯುವ ಸದ್ದು. ಒಂದೇ ಸಮ, ನಿಲ್ಲದೆ. ವಿಜಯಪುರ ಜಿಲ್ಲೆಯವಳಿಗೆ ಆ ಸದ್ದು ಕೇಳಿದರೆ ಮೈಮೇಲೆ ಚೇಳು ಬಿದ್ದಂತಾಗುತ್ತದೆ. ಹಾಸಿಗೆಯಿಂದ ಹಾರಿ ಎದ್ದು ಬಚ್ಚಲಿಗೆ ಓಡಿದೆ. ನಳ ಬಿಗಿಯಾಗಿಯೇ ಇತ್ತು. ಅಡುಗೆಮನೆಯದ್ದೂ ಹಾಗೇ. ಮಾಳಿಗೆ ಹತ್ತಿ ಟ್ಯಾಂಕ್ ಮುಟ್ಟಿ ನೋಡಿದೆ, ಉಕ್ಕುತ್ತಿರಲಿಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಕೆಳಗಿಳಿದು ಮನೆ ಮಾಲೀಕರ ಬಾಗಿಲು ಬಡಿದೆ.

"ನಿಮ್ಮ ನಳ ಚಾಲೂ ಉಳದೈತ್ರಿ. ಎಷ್ಟೊತ್ತಿನಿಂದ ನೀರು ಹೊಂಟೈತೋ ಏನೋ!"

ಮಂಕಿ ಟೋಪಿ ಹಾಕಿಕೊಂಡಿದ್ದ ಮಾಲೀಕರು ಕಣ್ಣು ಪಿಳುಕಿಸಿದರು. "ನಳ ಅಂದ್ರೆ ಎಂತ ಮೇಡಂ?"

"ನಲ್ಲಿ, ನಲ್ಲಿ."

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಆಮೇಲೆ ಮುಖ ಅರಳಿತು. "ಅಯ್ಯೋ, ಅದು ಹಳ್ಳ ಅಲ್ವಾ ಮೇಡಂ. ಅದನ್ನ ಎಲ್ಲಿ ನಿಲ್ಸೋದು?" ಒಳಕ್ಕೆ ತಿರುಗಿ ಕೂಗಿದರು: "ಸುಶೀಲಾ, ಮೇಡಂ ಹಳ್ಳ ಬಂದ್ ಮಾಡಿ ಅಂತಿದಾರೆ ಮಾರಾಯ್ತಿ!"

ಸಂಜೆಯೊಳಗೆ ಬಡಾವಣೆಗೆ ಗೊತ್ತಾಯಿತು. ಸೋಮವಾರ ಕಾಲೇಜಿನ ಸ್ಟಾಫ್ ರೂಮಿಗೆ ಕಾಲಿಟ್ಟಾಗ ಅಲ್ಲಿಯೂ ಗೊತ್ತಿತ್ತು. ಈ ಊರನ್ನು ಇಷ್ಟಪಡಬಾರದು ಎಂದು ಅಂದೇ ತೀರ್ಮಾನಿಸಿದೆ. ಊರು ನನ್ನ ತೀರ್ಮಾನಕ್ಕೆ ಧಾರಾಳವಾಗಿ ಸಹಾಯ ಮಾಡಿತು.

ಊರ ಕಡೆಯ ನೀವೆಲ್ಲ ಫೋನಿನಲ್ಲಿ ಸಿಕ್ಕಾಗಲೆಲ್ಲ, ಸ್ವರ್ಗಕ್ಕೆ ಹೋಗಿ ಕೂತಿದ್ದೀ ಎನ್ನುತ್ತೀರಿ. ಆ ಭ್ರಮೆ ಬಿಡಿಸಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಭೂಗೋಳದ ಉಪನ್ಯಾಸಕಿ. ಬಡ್ತಿಯ ಆದೇಶದಲ್ಲಿ ಮೂಡಿಗೆರೆ ಎಂದಿತ್ತು, ಬಂದೆ. ಅಕ್ಟೋಬರ್ ಕೊನೆ, ಮಳೆ ಮುಗಿದಿತ್ತು. ಆದ್ದರಿಂದ ಮಳೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಆ ವಿಷಯದಲ್ಲಿ ಇಲ್ಲಿನವರು ಬೇರೆಯವರಿಗೆ ಜಾಗವನ್ನೇ ಉಳಿಸಿಲ್ಲ.

ಈ ಮನೆ ಸಿಗುವ ಮುಂಚೆ ಲಾಡ್ಜಿನಲ್ಲಿದ್ದುಕೊಂಡು ಹುಡುಕಿದ್ದು ಮೂರು ವಾರ. ಇಲ್ಲಿ ಯಾರೂ ‘ಇಲ್ಲ’ ಎನ್ನುವುದಿಲ್ಲ, ‘ನೋಡುವ’ ಎನ್ನುತ್ತಾರೆ. ನಾನು ನಂಬಿ ಎರಡು ದಿನ ಬಿಟ್ಟು ಹೋಗುತ್ತಿದ್ದೆ. ಅವರು ಅಷ್ಟೇ ಮೃದುವಾಗಿ ಮತ್ತೆ ‘ನೋಡುವ’ ಎನ್ನುತ್ತಿದ್ದರು. ಐದನೇ ಮನೆಯ ಹೊತ್ತಿಗೆ, ನೋಡುವ ಎಂದರೆ ಇನ್ನು ಈ ಕಡೆ ಬರಬೇಡ ಎಂದರ್ಥ ಎಂದು ತಿಳಿಯಿತು. ನಮ್ಮಲ್ಲಾದರೆ ‘ಕೊಡೂದಿಲ್ರೀ’ ಎಂದು ಮುಖಕ್ಕೆ ಹೇಳಿ ಚಹಾ ಕುಡಿಸಿ ಕಳಿಸುತ್ತಾರೆ. ಇಲ್ಲಿ ಜಗಳದಲ್ಲೂ ದನಿ ಏರುವುದಿಲ್ಲ. ‘ಮಾರಾಯ’ ಎಂಬುದೊಂದು ಸಂಬೋಧನೆ ಇದೆ. ಗೆಳೆಯನಿಗೂ ಅದೇ, ನಾಯಿಗೂ ಅದೇ, ಬಾರದ ಬಸ್ಸಿಗೂ ಅದೇ.

ಊಟದ ಮಾತು ಎತ್ತದಿರುವುದೇ ಮೇಲು, ಆದರೂ ಎತ್ತುತ್ತೇನೆ. ಸುಶೀಲಮ್ಮ, ಅಂದರೆ ಮಾಲೀಕರ ಹೆಂಡತಿ, ಮೊದಲ ವಾರ ತಟ್ಟೆಯಲ್ಲಿ ಕಡುಬು ತಂದುಕೊಟ್ಟರು. ಕಡುಬು ಎಂದರೆ ನಮಗೆ ಹೂರಣ. ನಾನು ಆಸೆಯಿಂದ ಮುರಿದೆ. ಬೆಳ್ಳಗಿನ ಅಕ್ಕಿ ತರಿಯ ಉಂಡೆ, ಒಳಗೆ ಏನೂ ಇಲ್ಲ. ಇನ್ನೊಂದು ಮುರಿದೆ, ಅದರಲ್ಲೂ ಇಲ್ಲ. ನಮ್ಮ ಜೋಳದ ರೊಟ್ಟಿಗೆ ಇಲ್ಲಿ ಪಥ್ಯದ ಸ್ಥಾನ. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ನೋಡಿದ ಇತಿಹಾಸದ ಮೇಷ್ಟ್ರು ಕನಿಕರದಿಂದ ಕೇಳಿದರು: "ಶುಗರ್ ಎಷ್ಟು ದಿನದಿಂದ ಮೇಡಂ?"

ಸಂಜೆಗಳು ಇವೆಲ್ಲಕ್ಕಿಂತ ಕೆಟ್ಟವು. ನಮ್ಮ ಓಣಿಯಲ್ಲಿ ಹೊತ್ತು ಮುಳುಗಿದರೆ ಕಟ್ಟೆಗೆ ಜನ ಬಂದು ಕೂತು, ಹೋಗುವವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಾರೆ. ಇಲ್ಲಿ ಆರು ಗಂಟೆಗೆ ಬಾಗಿಲು ಬೀಳುತ್ತದೆ. ಮೂರು ತಿಂಗಳಾದರೂ ಪಕ್ಕದ ಮನೆಯವರು ನನ್ನನ್ನು ಏನೂ ಕೇಳಲಿಲ್ಲ. ಕೇಳದಿರುವುದು ಇವರ ಮರ್ಯಾದೆ. ಆ ಮರ್ಯಾದೆಯಲ್ಲಿ ನಾನು ಒಣಗಿಹೋದೆ.

ಇನ್ನು ಹಳ್ಳ. ನಮ್ಮ ಬಡಾವಣೆ ಇರುವುದು ಪಟ್ಟಣದ ಅಂಚಿನಲ್ಲಿ, ಒಂದು ಹಡ್ಲಿನ ಮೇಲೆ. ಗುಡ್ಡಗಳ ನಡುವೆ ನೀರು ನಿಲ್ಲುವ ತಗ್ಗು ಗದ್ದೆಗೆ ಹಡ್ಲು ಎನ್ನುತ್ತಾರೆ. ಅದಕ್ಕೆ ಕೆಂಪು ಮಣ್ಣು ತುಂಬಿ, ಸೈಟು ಮಾಡಿ, ‘ರಿವರ್ ವ್ಯೂ’ ಎಂದು ಕಮಾನು ಕಟ್ಟಿದ್ದಾರೆ. ಕಮಾನಿನ ಒಳಗೆ ಇಪ್ಪತ್ತೊಂದು ಮನೆ. ಒಂದು ಮನೆಗಾದರೂ ಹಳ್ಳದ ಕಡೆ ಕಿಟಕಿ ಇಲ್ಲ. ಎಲ್ಲ ಮನೆಗಳೂ ರಸ್ತೆಗೆ ಮುಖ ಮಾಡಿ, ಹಳ್ಳಕ್ಕೆ ಬೆನ್ನು ಕೊಟ್ಟು ನಿಂತಿವೆ. ಆ ಬೆನ್ನಿನಲ್ಲಿ ಇರುವುದು ಬಚ್ಚಲ ಗವಾಕ್ಷಿ ಮಾತ್ರ. ಶನಿವಾರ ಭಾನುವಾರ ದೇವರಮನೆ ಗುಡ್ಡದ ಮಂಜು ನೋಡಲು ಬಯಲಿನಿಂದ ಕಾರುಗಳು ಬರುತ್ತವೆ. ನಮ್ಮ ಬಡಾವಣೆಯವರು ಅವರನ್ನು ಬೈಯುತ್ತಾರೆ: ನೇಚರ್ ಹಾಳು ಮಾಡ್ತಾರೆ, ಬಾಟಲಿ ಎಸೀತಾರೆ. ಬೈದು ಒಳಗೆ ಹೋಗಿ, ಹಿತ್ತಲ ಗೋಡೆಯಾಚೆ ಕಸದ ಚೀಲ ಎಸೆಯುತ್ತಾರೆ.

ನವೆಂಬರಿನಲ್ಲಿ ತರಗತಿಯಲ್ಲಿ ನದಿ ವ್ಯವಸ್ಥೆಯ ಪಾಠ. ಕಾಲೇಜಿನ ಮೈದಾನದ ಬದಿಯಲ್ಲೂ ಇದೇ ಹಳ್ಳ ಹರಿಯುತ್ತದೆ. ಕಿಟಕಿಯಿಂದ ತೋರಿಸಿ ಕೇಳಿದೆ: "ಅದು ಎಲ್ಲಿಂದ ಬರುತ್ತದೆ?"

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಲಿಂದ ಬರ್ತದೆ ಮೇಡಂ."

"ಎಲ್ಲಿಗೆ ಹೋಗುತ್ತದೆ?"

"ಕೆಳಗೆ ಹೋಗ್ತದೆ."

ತಮಾಷೆ ಅಲ್ಲ. ಯಾರೂ ನಗಲಿಲ್ಲ. ನೈಲ್ ನದಿಯ ಉಗಮ ಕೇಳಿದರೆ ಇದೇ ಹುಡುಗಿ ಸರೋವರದ ಹೆಸರು ಸಮೇತ ಹೇಳುತ್ತಾಳೆ. ಸ್ಟಾಫ್ ರೂಮಿನಲ್ಲಿ ಇಲ್ಲೇ ಹುಟ್ಟಿ ಬೆಳೆದ ಇತಿಹಾಸದ ಮೇಷ್ಟ್ರನ್ನು ಕೇಳಿದೆ. ಅವರು ಯೋಚಿಸಿ, "ಮೇಲೆ ತೋಟದ ಕಡೆಯಿಂದ ಬರೋದಿರ್‍ಬೇಕು. ಹೋಗೋದು ಕೆಳಗೆ" ಎಂದರು. ನಾವು ನೀರಿನ ಪ್ರತಿ ಕೊಡಕ್ಕೂ ವಂಶಾವಳಿ ಇಟ್ಟುಕೊಂಡಿರುವ ಜನ. ಇದು ಯಾವ ಬಾವಿಯದ್ದು, ಯಾವ ಟ್ಯಾಂಕರಿನದ್ದು, ಉಪ್ಪೋ ಸಿಹಿಯೋ, ಎಷ್ಟು ದಿನ ಬಂತು, ಎಲ್ಲ ಗೊತ್ತು. ಇವರ ಹಿತ್ತಲಲ್ಲಿ ವರ್ಷವಿಡೀ ಹರಿಯುವ ನೀರಿಗೆ ಹುಟ್ಟಿದೂರೂ ಗೊತ್ತಿಲ್ಲ, ಹೋಗುವೂರೂ ಗೊತ್ತಿಲ್ಲ.

ಡಿಸೆಂಬರಿನಲ್ಲಿ ಹಳ್ಳ ನಾರತೊಡಗಿತು.

ಮೊದಲ ದಿನ ಹುಳಿ ವಾಸನೆ. ಮೂರನೇ ದಿನ ಕೊಳೆತ ಹಣ್ಣಿನ ವಾಸನೆ. ವಾರದಲ್ಲಿ ನೀರು ಕಷಾಯದ ಬಣ್ಣಕ್ಕೆ ತಿರುಗಿ, ಕಲ್ಲುಗಳ ಸಂದಿಯಲ್ಲಿ ನೊರೆ ಕಟ್ಟಿತು. ಕಾಲೇಜಿನ ಮೈದಾನದ ಬದಿಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಬಡಾವಣೆಯವರು ಗವಾಕ್ಷಿ ಮುಚ್ಚಿಕೊಂಡರು. ಯಾರನ್ನು ಕೇಳಿದರೂ ಒಂದೇ ಉತ್ತರ: "ಆ ಗ್ಯಾರೇಜಿಂದು ಮೇಡಂ. ಸೇತುವೆ ಹತ್ರ ಹಮೀದಂದು. ಎಣ್ಣೆ ಎಲ್ಲ ಬಿಡ್ತಾನೆ."

ನಾನೂ ನಂಬಿದೆ. ಮರುದಿನ ಸ್ಕೂಟರ್ ತೆಗೆದುಕೊಂಡು ಆ ಗ್ಯಾರೇಜಿಗೇ ಹೋದೆ. ನಲವತ್ತರ ಆಸುಪಾಸಿನ ಹಮೀದ್ ಜೀಪಿನ ಕೆಳಗಿಂದ ಈಚೆ ಬಂದರು. ಬ್ರೇಕ್ ನೋಡಿ ಎಂದೆ. ಅವರು ನೋಡುತ್ತಿದ್ದಾಗ ನಾನು ಹಿಂದೆ ಹೋಗಿ ಹಳ್ಳದ ದಂಡೆಯನ್ನು ನೋಡಿದೆ.

"ಅಲ್ಲೆಂತ ಹುಡುಕ್ತಿದೀರಿ? ಎಣ್ಣೇನಾ?" ಎಂದು ಹಮೀದ್ ಹಿಂದೆಯೇ ಬಂದರು. "ಬನ್ನಿ, ಇಲ್ಲಿದೆ." ಗೋಡೆಯ ಬದಿಯಲ್ಲಿ ಎರಡು ಡ್ರಮ್ ಇದ್ದವು. ಹಳೆಯ ಎಣ್ಣೆ ಅವುಗಳಲ್ಲಿ. "ನಮ್ಮದು ಕೊಟ್ಟಿಗೆಹಾರ. ಅಲ್ಲೂ ಅಂಗಡಿ ಹಿಂದೇನೇ ಹಳ್ಳ. ಒಂದು ತೊಟ್ಟು ಎಣ್ಣೆ ಬಿದ್ರೂ ಅಪ್ಪ ಕಿವಿ ಹಿಂಡೋರು. ಅದೇ ನೀರಲ್ಲಿ ನಮಾಜಿಗೆ ಕೈಕಾಲು ತೊಳೀಬೇಕಿತ್ತಲ್ಲ."

"ಲೇಔಟಿನವರು ನಿಮ್ಮ ಹೆಸರು ಹೇಳ್ತಾರ್ರೀ."

"ಗೊತ್ತು. ಹೇಳ್ಲಿ ಬಿಡಿ." ಅವರು ಕೈ ಒರೆಸಿಕೊಳ್ಳುತ್ತಾ ಹಳ್ಳದ ಕಡೆ ಗಲ್ಲ ತೋರಿಸಿದರು. "ನೀವು ಯಾವುದೋ ಪಾಠ ಮಾಡ್ತೀರಂತೆ, ನೀವೇ ಹೇಳಿ. ಅವರ ಮನೆ ಮೇಲಿದೆ, ನನ್ನ ಗ್ಯಾರೇಜ್ ಕೆಳಗಿದೆ. ನನ್ನ ಎಣ್ಣೆ ಏರು ಹತ್ತಿ ಹೋಗ್ತದಾ?"

ಇಪ್ಪತ್ತು ವರ್ಷ ನಕಾಶೆ ತಿದ್ದಿದವಳು ನಾನು. ನೀರು ಯಾವ ಕಡೆ ಹರಿಯುತ್ತದೆ ಎಂದು ಒಮ್ಮೆ ತಿರುಗಿ ನೋಡದೆ, ಇಪ್ಪತ್ತೊಂದು ಮನೆಯವರು ಹೇಳಿದ್ದನ್ನು ನಂಬಿಬಿಟ್ಟಿದ್ದೆ. ಅವರ ಮೇಲಿದ್ದ ತಿರಸ್ಕಾರ ಒಂದು ಗಳಿಗೆ ನನ್ನ ಮೇಲೇ ತಿರುಗಿತು. ಆಮೇಲೆ ಮತ್ತೆ ಅವರ ಮೇಲೆ ಹೋಯಿತು. ಅಲ್ಲಿ ಇಟ್ಟುಕೊಳ್ಳುವುದು ಸುಲಭ.

ಭಾನುವಾರ ಬೆಳಿಗ್ಗೆ ಬೂಟು ಹಾಕಿಕೊಂಡು ಹಳ್ಳದ ಜೊತೆ ಮೇಲಕ್ಕೆ ಹೊರಟೆ. ಬಡಾವಣೆ ದಾಟಿದರೆ ತೋಟದ ಬೇಲಿ. ಬೇಲಿಯಾಚೆ ಕಾಫಿ ಗಿಡಗಳ ಸಾಲು, ಮೇಲೆ ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿದ ಮೆಣಸು. ಹಳ್ಳ ಅಲ್ಲಿ ಎರಡಾಳು ಅಗಲ, ಮೊಣಕಾಲುದ್ದ ಆಳ. ಅರ್ಧ ಗಂಟೆ ನಡೆದ ಮೇಲೆ ಯಂತ್ರದ ಸದ್ದು ಕೇಳಿಸಿತು. ಹಣ್ಣಾದ ಕಾಫಿಯ ಸಿಪ್ಪೆ ಸುಲಿಯುವ ಯಂತ್ರ, ಇಲ್ಲಿನ ಮಾತಿನಲ್ಲಿ ಪಲ್ಪರ್. ಸುಲಿದ ಬೀಜ ತೊಳೆದ ನೀರು ಸಿಮೆಂಟಿನ ಕಾಲುವೆಯಲ್ಲಿ ಬಂದು ಒಂದು ಗುಂಡಿಗೆ ಬೀಳುತ್ತಿತ್ತು. ಗುಂಡಿ ತುಂಬಿತ್ತು. ತುಂಬಿದ್ದು ಮೆಲ್ಲಗೆ ಹಳ್ಳಕ್ಕೆ ಜಾರುತ್ತಿತ್ತು. ಅದಕ್ಕಿಂತ ಇಪ್ಪತ್ತು ಹೆಜ್ಜೆ ಮೇಲೆ, ಅದೇ ಹಳ್ಳದಲ್ಲಿ, ತಳದ ಮರಳಿನ ಕಣ ಎಣಿಸಬಹುದಾದಂಥ ನೀರು.

ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಹೆಂಗಸೊಬ್ಬಳು ನನ್ನನ್ನು ನೋಡಿ ಯಾರಿಗೋ ಹೇಳಿದಳು. ಹತ್ತು ನಿಮಿಷದಲ್ಲಿ ತೋಟದ ಯಜಮಾನರೇ ಬಂದರು. ಬಿಳಿ ಕೂದಲು, ಇಸ್ತ್ರಿ ಮಾಡಿದ ಅಂಗಿ. ನಾನು ಜಗಳಕ್ಕೆ ತಯಾರಾಗಿದ್ದೆ. ಅವರು ಕುರ್ಚಿ ತರಿಸಿದರು, ಕಾಫಿ ತರಿಸಿದರು.

"ಈ ನೀರು ಕೆಳಗೆ ಹೋಗಿ ಮೀನು ಸಾಯ್ತಾವ್ರೀ. ನಾತ ಹೊಡೀತೈತಿ."

"ಹೌದು ಮೇಡಂ, ಸರಿಯಲ್ಲ ಅದು." ಅವರು ಬೇಸರದಿಂದ ತಲೆಯಾಡಿಸಿದರು. "ಎರಡು ಗುಂಡಿ ತೆಗ್ಸಿದೀನಿ. ಹಣ್ಣು ಒಟ್ಟಿಗೇ ಬಂದ್ರೆ ತುಂಬಿ ಹೋಗ್ತದೆ. ಮೂರನೇದಕ್ಕೆ ಜನ ಸಿಗ್ಬೇಕು. ನೋಡುವ."

ಆ ‘ನೋಡುವ’ದ ಅರ್ಥ ನನಗೆ ಗೊತ್ತಿತ್ತು. ನೆಟ್ಟಗೆ ಕೂತು ಹೇಳಿದೆ: "ಮ್ಯಾಲಿನವರು ಹಿಂಗ ಅಂದ್ರ ಕೆಳಗಿನವರು ಏನು ಕುಡೀಬೇಕ್ರೀ?"

ಯಜಮಾನರು ಲೋಟ ಕೆಳಗಿಟ್ಟರು. ದನಿ ಒಂದಿಷ್ಟೂ ಏರಲಿಲ್ಲ. "ನೀವು ನಮ್ಮ ರೈಟರ್ ಮನೇಲಿರೋದಲ್ವಾ? ಹೊಸದಾಗಿ ಕಟ್ಟಿದ ಮಹಡೀಲಿ? ಆ ಮಹಡಿ ಬಚ್ಚಲಿನ ಪೈಪ್ ಎಲ್ಲಿಗೆ ಬಿಟ್ಟಿದಾರೆ ಅಂತ ನೋಡಿದೀರಾ? ಇಲ್ಲಾಂದ್ರೆ ಹೋಗ್ತಾ ನೋಡ್ಕೊಂಡ್ ಹೋಗಿ."

ರೈಟರ್ ಎಂದರೆ ತೋಟದ ಗುಮಾಸ್ತ. ನನ್ನ ಮಾಲೀಕರು ಮೂವತ್ತು ವರ್ಷ ಇವರ ತೋಟದಲ್ಲೇ ಹಾಜರಿ ಬರೆದವರು. ನಿವೃತ್ತರಾದರೂ ಊರು ಅವರನ್ನು ರೈಟರ್ ಎಂದೇ ಕರೆಯುತ್ತದೆ.

ಇಳಿದು ಬರುವಾಗ ಕೋಪದಲ್ಲಿ ಎರಡು ಸಲ ಜಾರಿದೆ. ಅತ್ತ ಕಿಟಕಿಯೇ ಇಲ್ಲದ್ದರಿಂದ ನಮ್ಮ ಮನೆಯ ಬೆನ್ನನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಂದು ಹಳ್ಳದೊಳಗೆ ನಿಂತು ನೋಡಿದೆ. ಮಹಡಿಯ ಗೋಡೆಯಿಂದ ಬಿಳಿ ಪೈಪೊಂದು ಇಳಿದು, ಕಾಂಪೌಂಡು ತೂತು ಮಾಡಿಕೊಂಡು ಹೊರಬಂದು, ಹಳ್ಳದ ಮೇಲೆ ಬಾಯಿ ತೆರೆದು ನಿಂತಿತ್ತು. ಬಾಯಿಯ ಕೆಳಗಿನ ಕಲ್ಲು ಸೋಪಿನ ಜಿಡ್ಡಿನಿಂದ ಬೆಳ್ಳಗಾಗಿತ್ತು. ಜಿಡ್ಡಿನಲ್ಲಿ ಉದ್ದನೆಯ ಕೂದಲು. ಆ ಮಹಡಿಯಲ್ಲಿರುವುದು ನಾನೊಬ್ಬಳೇ.

ಉಳಿದ ಇಪ್ಪತ್ತು ಮನೆಗಳ ಪೈಪುಗಳೂ ಅಲ್ಲೇ ಸಾಲಾಗಿ ಇದ್ದವು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಮನೆಗೆ ಹತ್ತದೆ ಹಾಗೇ ಕೆಳಕ್ಕೆ ನಡೆದೆ. ಹಮೀದರ ಗ್ಯಾರೇಜು ದಾಟಿ, ರಸ್ತೆಯ ಸೇತುವೆಯ ಕೆಳಗೆ ಬಗ್ಗಿ, ಆಚೆ ಎದ್ದರೆ ಒಂದು ಸೊಪ್ಪಿನ ತೋಟ. ಹರಿವೆ, ಸಬ್ಬಸಿಗೆ, ಕೊತ್ತಂಬರಿ. ಹಳ್ಳದಿಂದ ತಂಬಿಗೆಯಲ್ಲಿ ಮೊಗೆದು ಮೊಗೆದು ಪಾತಿಗೆ ಎರಚುತ್ತಿದ್ದವಳ ಮುಖ ನೋಡಿದ ಕೂಡಲೇ ಗುರುತು ಹತ್ತಿತು. ಸಂತೆಯಲ್ಲಿ ಪ್ರತಿ ವಾರ ನನಗೆ ಸೊಪ್ಪು ಕೊಡುವ ಸಣ್ಣಮ್ಮ. ಅರವತ್ತು ದಾಟಿದ, ಚೌಕಾಸಿಗೆ ಜಗ್ಗದ ಹೆಂಗಸು.

"ಈ ನೀರೇ ಹಾಕ್ತೀರಾ?" ಎಂದೆ.

"ಮತ್ತೆಂತ ನಿಮ್ಮೂರಿಂದ ತಂದು ಹಾಕ್ಲಾ?" ಸಣ್ಣಮ್ಮ ತಂಬಿಗೆ ಕೆಳಗಿಡಲಿಲ್ಲ. "ಕಾಫಿ ನೀರು ಎರಡು ತಿಂಗಳು. ಆಗ ಬಾವಿಯಿಂದ ಸೇದಿ ಹಾಕ್ತೀನಿ, ಸೊಂಟ ಹೋಗ್ತದೆ, ಆದ್ರೆ ಮುಗೀತದೆ. ಇವತ್ತು ಬಾವಿ ಹಗ್ಗ ಕಿತ್ತೋಯ್ತು, ಅದ್ಕೆ ಇದು. ಸೋಪಿನ ನೀರು ಹಾಗಲ್ಲ. ವರ್ಷ ಪೂರ್ತಿ. ಮೇಲೆ ಮಹಡಿ ಎದ್ದಾಗೆಲ್ಲ ನಂಗೆ ಇಲ್ಲಿ ಗೊತ್ತಾಗ್ತದೆ. ಕೊತ್ಮರಿ ಸೊಪ್ಪು ಹಳದಿ ಬರ್ತದೆ."

ನಾನು ಯಾವ ಮಹಡಿಯಲ್ಲಿದ್ದೇನೆ ಎಂದು ಆಕೆ ಕೇಳಲಿಲ್ಲ. ನಾನೇ ಹೇಳಿದೆ.

ಸಣ್ಣಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಹಳ್ಳ ಬಂದ್ ಮಾಡ್ಸೋಕೆ ಬಂದ ಮೇಡಂ ನೀವೇನಾ?" ಎಂದು ಕೇಳಿ, ಮತ್ತೆ ಬಗ್ಗಿದಳು.

ಸಂಜೆ ರೈಟರ್ ಹತ್ತಿರ ಮಾತಾಡಿದೆ. ಮಹಡಿಯ ನೀರಿಗೆ ಹಿತ್ತಲಲ್ಲಿ ಇಂಗುಗುಂಡಿ ತೆಗೆಸಿ ಎಂದೆ.

"ಎಂತಕ್ಕೆ ಮೇಡಂ? ಇಂಗಿದ್ರೂ ಹಳ್ಳಕ್ಕೇ ಹೋಗೋದಲ್ವಾ?"

"ಮಣ್ಣು ಸೋಸಿ ಕಳಸ್ತೈತ್ರಿ. ಪೈಪು ಸೋಸೂದಿಲ್ಲ."

"ಇಷ್ಟು ವರ್ಷ ಯಾರೂ ಕೇಳಿಲ್ಲ."

"ಈಗ ನಾ ಕೇಳಾಕತ್ತೀನಿ."

ರೈಟರ್ ಮೊದಲ ಸಲ ನಗುವುದನ್ನು ನಿಲ್ಲಿಸಿದರು. "ನನ್ನ ಜಾಗದಲ್ಲಿ ಗುಂಡಿ ತೆಗಿ ಅಂತ ಹೇಳೋಕೆ ನೀವ್ಯಾರು ಮೇಡಂ? ಬಾಡಿಗೆಗೆ ಬಂದೋರು, ಬಾಡಿಗೆಯೋರ ಹಾಗಿರಿ. ಈ ಊರು ನಿಮ್ಗೆ ಹಿಡಿಸ್ಲಿಲ್ಲಾಂದ್ರೆ ಬಸ್‌ಸ್ಟ್ಯಾಂಡ್ ಎಲ್ಲಿದೆ ಅಂತ ಗೊತ್ತಲ್ವಾ?"

ಎರಡು ತಿಂಗಳಲ್ಲಿ ಈ ಊರಿನಲ್ಲಿ ಯಾರಾದರೂ ನನಗೆ ಮುಖಕ್ಕೆ ಹೇಳಿದ ಮೊದಲ ಮಾತು ಅದು. ನೋವಾಯಿತು. ಆದರೆ ಎಷ್ಟೋ ದಿನದ ಮೇಲೆ ಮನುಷ್ಯರ ಜೊತೆ ಮಾತಾಡಿದಂತೆಯೂ ಅನ್ನಿಸಿತು.

ಮರುದಿನ ಬಚ್ಚಲ ತೂತಿಗೆ ಬಟ್ಟೆ ತುರುಕಿದೆ. ಸ್ನಾನ ಮಾಡುವುದು ದೊಡ್ಡ ಬೋಗುಣಿಯೊಳಗೆ ಕೂತು, ಅದರ ನೀರನ್ನು ಬಕೆಟ್ಟಿಗೆ ಬಳಿದುಕೊಂಡು, ಮೆಟ್ಟಿಲಿಳಿದು, ರೈಟರ್ ಜಗುಲಿಯ ಮುಂದಿನಿಂದಲೇ ನಡೆದು ಹೋಗಿ ಅಂಗಳದ ಬಾಳೆ ಗಿಡಕ್ಕೆ ಸುರಿಯುವುದು. ಬೆಳಿಗ್ಗೆ ಮೂರು ಬಕೆಟ್, ಸಂಜೆ ಎರಡು. ನಮ್ಮ ಊರಿನಲ್ಲಿ ಇದು ಯಾರಿಗೂ ಸುದ್ದಿಯಲ್ಲ. ಮುಖ ತೊಳೆದ ನೀರಿನಲ್ಲಿ ಕಾಲು ತೊಳೆದು, ಅದನ್ನೇ ತುಳಸಿಗಲ್ಲದಿದ್ದರೂ ಲಿಂಬೆ ಗಿಡಕ್ಕೆ ಹಾಕಿ ಬೆಳೆದವಳು ನಾನು. ಇಲ್ಲಿ ಅದು ಮೆರವಣಿಗೆಯಾಯಿತು. ರೈಟರ್ ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಿದ್ದರು. ನೆಂಟರು ಬಂದು ಕೂತಿದ್ದ ದಿನ ನಾನು ಬೇಕೆಂದೇ ಒಂದು ಬಕೆಟ್ ಹೆಚ್ಚು ಹೊತ್ತೆ. ಅದು ಪರಿಸರಪ್ರೇಮ ಅಲ್ಲ. ಹಟ, ಸೇಡು, ಮತ್ತು ಆ ಇಪ್ಪತ್ತು ಮನೆಯವರು ನೋಡಲಿ ಎಂಬ ಅಹಂಕಾರ. ನಿಮ್ಮ ಮುಂದೆ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎರಡನೇ ವಾರ ಮೆಟ್ಟಿಲಿನಲ್ಲಿ ಕಾಲು ಜಾರಿತು. ಬಕೆಟ್ ಉರುಳಿ, ನಾನು ಅದರ ಹಿಂದೆ ಉರುಳಿ, ಸೋಪಿನ ನೀರಿನಲ್ಲಿ ನೆನೆದು ಜಗುಲಿಯ ಮುಂದೆ ಕೂತೆ. ರೈಟರ್ ಪೇಪರ್ ಇಳಿಸಲಿಲ್ಲ. ಒಳಗಿನಿಂದ ಸುಶೀಲಮ್ಮ ಓಡಿ ಬಂದು ನನ್ನನ್ನು ಎಬ್ಬಿಸಿ, ಪಾದ ಒತ್ತಿ ನೋಡಿದರು. ಏನೂ ಮುರಿದಿರಲಿಲ್ಲ. ಅವರು ಗಂಡನ ಕಡೆ ತಿರುಗಿದರು. ಆಕೆ ಗಂಡನ ಮುಂದೆ ಒಂದು ವಾಕ್ಯಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಒಂದು ಗುಂಡಿ ತೆಗಿಯೋಕೆ ಎಂತ ನಿಮ್ಗೆ ದೊಡ್ಡ ರೋಗ? ತೋಟದಲ್ಲಿ ಗುಂಡಿ ತೆಗ್ಸಿದ್ದು ಬರ್‍ದು ಬರ್‍ದು ಮುದುಕ ಆದ್ರಿ. ಆ ಹೆಣ್ಣುಮಗಳು ಬಿದ್ದು ಸತ್ತಿದ್ರೆ ಅವರೂರಿಗೆ ಯಾರು ಫೋನ್ ಮಾಡೋದು?"

ರೈಟರ್ ಪೇಪರ್ ಮಡಿಸಿದರು. "ನೋಡುವ" ಎಂದರು.

"ನೋಡೋದೇನಿಲ್ಲ" ಎಂದರು ಸುಶೀಲಮ್ಮ.

ವಿಷಯ ಹೇಳಿದ್ದಕ್ಕೆ ಹಮೀದ್ ಹಾರೆ, ಪಿಕಾಸಿ ತಂದುಕೊಟ್ಟು, ಹಳೆಯ ಸಿಮೆಂಟ್ ರಿಂಗ್ ಮೂರನ್ನು ಜೀಪಿನಲ್ಲಿ ಹೇರಿಕೊಂಡು ಬಂದರು. ಮುಂದಿನ ಭಾನುವಾರ ಹಿತ್ತಲಲ್ಲಿ ಅಗೆದೆವು. ನಾನು, ಸುಶೀಲಮ್ಮ, ಹಮೀದ್. ನಮ್ಮೂರಿನ ಗಟ್ಟಿ ನೆಲದಲ್ಲಿ ಪಿಕಾಸಿ ಎತ್ತಿ ಗೊತ್ತಿದ್ದ ನನಗೆ ಇಲ್ಲಿಯ ಮಣ್ಣು ಬೆಣ್ಣೆಯಂತೆ ಕಂಡಿತು. ಆ ಮಣ್ಣಿನ ಮೇಲೂ ನನಗೆ ತಾತ್ಸಾರ ಬಂತು, ಇಷ್ಟು ಸಲೀಸಾದರೆ ಇವರಿಗೇನು ಧಾಡಿ ಎಂದು. ಅಕ್ಕಪಕ್ಕದವರು ತಾರಸಿಯಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತು ನೋಡಿದರು. ಒಬ್ಬರೂ ಏನೆಂದು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರೈಟರ್ ಬನಿಯನ್ನಿನಲ್ಲಿ ಬಂದು, ಮಾತಿಲ್ಲದೆ ಸನಿಕೆ ಹಿಡಿದು, ಒಂದು ಗಂಟೆ ಮಣ್ಣು ಎತ್ತಿಹಾಕಿದರು. ಗುಂಡಿಗೆ ಕಲ್ಲು, ಇಟ್ಟಿಗೆ ಚೂರು, ಮರಳು ತುಂಬಿದ ಮೇಲೆ ಸುಶೀಲಮ್ಮ ಹೇಳಿದರು: "ನಮ್ಮ ಅಡಿಗೆಮನೆ ಪೈಪೂ ಇದಕ್ಕೇ ತಿರುಗ್ಸಿ."

ಇದನ್ನು ಓದಿ ನೀವು ಹಳ್ಳ ತಿಳಿಯಾಯಿತು ಎಂದುಕೊಳ್ಳಬೇಡಿ. ಇಪ್ಪತ್ತು ಪೈಪು ಇಂದಿಗೂ ಅಲ್ಲೇ ಇವೆ. ಯಜಮಾನರ ಮೂರನೇ ಗುಂಡಿ ಇನ್ನೂ ‘ನೋಡುವ’ದಲ್ಲಿದೆ. ಸಂತೆಯಲ್ಲಿ ಸಣ್ಣಮ್ಮನಿಗೆ ಹೆಮ್ಮೆಯಿಂದ ಸುದ್ದಿ ಹೇಳಿದರೆ, "ಒಂದು ಪೈಪ್ ನಿಂತ್ರೆ ಎಂತ ಆಗ್ತದೆ?" ಎಂದು ಕಟ್ಟಿಗಿಂತ ಒಂದು ಎಲೆಯೂ ಹೆಚ್ಚು ಕೊಡದೆ ಕಳಿಸಿದಳು. ಈ ಊರಿನಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ವ್ಯಕ್ತಿ ಆಕೆಯೊಬ್ಬಳೇ.

ತರಗತಿಯಲ್ಲಿ ಮಾತ್ರ ಈಗ ಒಂದು ನಕಾಶೆ ತೂಗುತ್ತಿದೆ. ವಿದ್ಯಾರ್ಥಿಗಳನ್ನು ಎರಡು ಶನಿವಾರ, ಚಪ್ಪಲಿ ಕೈಯಲ್ಲಿ ಹಿಡಿದು ನೀರು ದಾಟಿ ದಾಟಿ, ಹಳ್ಳದುದ್ದಕ್ಕೂ ನಡೆಸಿ ಬರೆಸಿದ್ದು. ತೋಟದವರ ಬಾಯಲ್ಲಿ ಅದು ಪಲ್ಪರ್ ಯಂತ್ರದಿಂದಾಗಿ ಮಿಷನ್ ಹಳ್ಳ, ಬಡಾವಣೆಗೆ ಬಂದರೆ ಚರಂಡಿ, ರಸ್ತೆ ದಾಟಿದರೆ ಸೊಪ್ಪಿನ ಹಳ್ಳ, ಆಮೇಲೆ ಹೇಮಾವತಿ. ಪೈಪುಗಳನ್ನೂ ಗುರುತಿಸಿದ್ದಾರೆ. ಪ್ರಾಂಶುಪಾಲರು ಪೈಪು ಬೇಡವಿತ್ತು ಎಂದರು. ನೋಡುವ ಸಾರ್ ಎಂದೆ.

ಏಪ್ರಿಲ್ ರಜೆಯಲ್ಲಿ ಊರಿಗೆ ಬಂದಿದ್ದೆನಲ್ಲ, ನಿಮ್ಮಲ್ಲಿ ಕೆಲವರು ಭೇಟಿಯಾದಿರಿ. ನಾನು ಬದಲಾಗಿದ್ದೇನೆ, ಮಾತು ಮೆತ್ತಗಾಗಿದೆ ಎಂದಿರಿ. ಅಣ್ಣನ ಹೊಸ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಅವನು ರೇಗಿದ: "ಎಲ್ಲಿಗರೆ ಹೋಗಲಿ, ಊರ ಹೊರಗ ಹೋಗತೈತಿ. ಇಂಥಾ ವಿಚಾರಣಿ ನಿಮ್ಮೂರಾಗ ಇಟ್ಕೋ." ನಿಮ್ಮೂರು ಎಂದ. ಮೂಡಿಗೆರೆಯಲ್ಲಿ ನಾನು ಬಿಜಾಪುರದ ಮೇಡಂ. ವರ್ಗಾವಣೆಗೆ ಅರ್ಜಿ ಹಾಕಿದೆಯೋ ಎಂದು ಎಲ್ಲರೂ ಕೇಳಿದಿರಿ, ಹಾಕಿದ್ದೇನೆ ಎಂದೆ. ಹಾಕಿದ್ದು ನಿಜ. ಸಿಗದಿರಲಿ ಎಂದು ಒಂದೊಂದು ಬೆಳಿಗ್ಗೆ ಅಂದುಕೊಳ್ಳುವುದನ್ನು ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಅಣ್ಣ ಹೊಲ ನೋಡಿಬರೋಣ ಎಂದು ಕರೆದುಕೊಂಡು ಹೋದ. ಹೊಲಕ್ಕೆ ಹೋಗಲು ನಮ್ಮ ಊರ ಹಳ್ಳ ದಾಟಬೇಕು. ವರ್ಷಕ್ಕೆ ನಾಲ್ಕು ದಿನ ನೀರು ಕಂಡರೆ ಹೆಚ್ಚು, ಉಳಿದಂತೆ ಅಗಲವಾದ ಮರಳು, ನಡುವೆ ಟ್ರ್ಯಾಕ್ಟರ್ ಚಕ್ರದ ಗುರುತು. ಅಣ್ಣ ಮುಂದೆ ಮುಂದೆ ಹೋದ. ನಾನು ದಂಡೆಗೆ ಬಂದವಳು ನಿಂತು, ಬಗ್ಗಿ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದೆ.

ಅಣ್ಣ ತಿರುಗಿ ನೋಡಿದ. "ಏನ್ ಮಾಡಾಕತ್ತೀಯವ್ವ? ನೀರ ಎಲ್ಲೈತಿ?"

ಅವನು ನಗಲಿಲ್ಲ, ಗಾಬರಿಯಾಗಿದ್ದ. ಅವನ ಮುಂದೆ ಮತ್ತೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ನಿರಿಗೆ ಎತ್ತಿ ಹಿಡಿದುಕೊಂಡೇ, ಚಪ್ಪಲಿ ಕೈಯಲ್ಲೇ ಇಟ್ಟುಕೊಂಡು, ಏಪ್ರಿಲ್ ಮಧ್ಯಾಹ್ನದ ಕಾದ ಮರಳಿನ ಮೇಲೆ ಬರಿಗಾಲಲ್ಲಿ ಆಚೆ ದಂಡೆಯವರೆಗೆ ನಡೆದೆ.